ಗ್ರಾಫ್ ಏರಿದೆ, ರೋಗವೂ ಏರಿದೆಯಾ?

ಪೆನ್ಸಿಲ್_ಗೆರೆ ಕೇಳಿದ್ದು:

ನಮಸ್ಕಾರ. ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ, ಕೊನೆ ವರ್ಷ. ಪ್ರಾಜೆಕ್ಟ್‌ಗಾಗಿ ಒಂದು ದೇಶದ ಇಪ್ಪತ್ತು ವರ್ಷದ ಆರೋಗ್ಯ ವರದಿಗಳನ್ನು ಗುಡ್ಡೆ ಹಾಕಿಕೊಂಡು ಗ್ರಾಫ್ ಬರೆದೆ. ಕ್ಷಯದ ಗೆರೆ ಹನ್ನೊಂದು ವರ್ಷ ಸುಮ್ನೆ ಮಲಗಿದ್ದು, ಹನ್ನೆರಡನೇ ವರ್ಷ ಏಣಿ ಹತ್ತಿದ ಹಾಗೆ ಮೇಲೆ ಹೋಗಿದೆ. "ಕ್ಷಯ ಸ್ಫೋಟ" ಅಂತ ದಪ್ಪಕ್ಷರದಲ್ಲಿ ತಲೆಬರಹ ಕೊಟ್ಟಿದ್ದೆ. ಗೈಡ್ ಅದರ ಪಕ್ಕ ಕೆಂಪು ಪೆನ್ನಲ್ಲಿ "ಸಾವು ಎಲ್ಲಿ?" ಅಂತ ಬರೆದು ವಾಪಸ್ ಕೊಟ್ಟರು. ನೋಡಿದರೆ ಸಾವಿನ ಗೆರೆ ಅಲ್ಲಾಡೇ ಇಲ್ಲ.

ಹೃದ್ರೋಗದ್ದು ಇನ್ನೊಂದು ಕಥೆ. ಸತ್ತವರ ಸಂಖ್ಯೆ ಏರುತ್ತಲೇ ಇದೆ, ವರದಿಯಲ್ಲಿ ಮಾತ್ರ "ಮರಣ ದರ ಇಳಿದಿದೆ" ಅಂತಿದೆ. ಯಾವುದನ್ನು ನಂಬಲಿ?

ಹಳೆ_ಕೋಡರ್:

ಸಾವಿನ ಪ್ರಮಾಣಪತ್ರಗಳಿಗೆ ಕೋಡ್ ಹಾಕುವ, ಅಂದರೆ ಸಾವಿನ ಕಾರಣ ಓದಿ ಅದಕ್ಕೆ ಗೊತ್ತುಪಡಿಸಿದ ಸಂಕೇತ ಬರೆಯುವ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ಗೈಡ್ ಜಾಣರು. ಗೆರೆ ಇದ್ದಕ್ಕಿದ್ದ ಹಾಗೆ ಜಿಗಿದರೆ ಮೊದಲು ವಿಚಾರಿಸಬೇಕಾದ್ದು ರೋಗವನ್ನಲ್ಲ, ಎಣಿಸಿದವರನ್ನು.

ದಕ್ಷಿಣ ಕೊರಿಯಾದ ಥೈರಾಯ್ಡ್ ಕ್ಯಾನ್ಸರ್ ನೋಡಿ. 2011ರಲ್ಲಿ ಪತ್ತೆಯಾದ ಪ್ರಮಾಣ 1993ರ ಹದಿನೈದು ಪಟ್ಟು. ಸಾವು? ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆರೋಗ್ಯವಾಗಿದ್ದವರ ಕತ್ತಿಗೂ ಅಲ್ಟ್ರಾಸೌಂಡ್ ಹಿಡಿಯುವುದು ಜಾಸ್ತಿಯಾಗಿತ್ತು. ಯಾವತ್ತೂ ತೊಂದರೆ ಕೊಡದೆ ಇರಬಹುದಾಗಿದ್ದ ಸಣ್ಣ ಗಂಟುಗಳೆಲ್ಲ ಲೆಕ್ಕಕ್ಕೆ ಬಂದವು. ಅಮೆರಿಕದಲ್ಲಿ 1993ರಲ್ಲಿ ಏಡ್ಸ್ ಪ್ರಕರಣಗಳು ಹಿಂದಿನ ವರ್ಷದ ಇಮ್ಮಡಿಗೂ ಮೀರಿದವು. ಆ ವರ್ಷ ಬದಲಾಗಿದ್ದು ಏಡ್ಸ್ ಅಂತ ಯಾವುದನ್ನು ಕರೆಯಬೇಕು ಅನ್ನುವ ವ್ಯಾಖ್ಯೆ.

ಹಾಗಂತ ಸಾವಿನ ಗೆರೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಪ್ರಮಾಣಪತ್ರದಲ್ಲಿ ಒಂದರ ಕೆಳಗೊಂದು ಸಾಲು ಇರುತ್ತದೆ. ಮೇಲಿನ ಸಾಲಿಗೆ ಕೊನೆಗೆ ಪ್ರಾಣ ತೆಗೆದದ್ದು, ಅದಕ್ಕೆ ಏನು ಕಾರಣ ಅನ್ನೋದು ಅದರ ಕೆಳಗೆ, ಅದಕ್ಕೂ ಏನು ಕಾರಣ ಅನ್ನೋದು ಇನ್ನೂ ಕೆಳಗೆ. ಸರಿಯಾಗಿ ತುಂಬಿದ್ದರೆ ತೀರಾ ಕೆಳಗಿನ ಸಾಲೇ ಸಾಮಾನ್ಯವಾಗಿ ದೇಶದ ಲೆಕ್ಕಕ್ಕೆ ಹೋಗುವುದು. ನನ್ನ ಮೇಜಿಗೆ ಬರುತ್ತಿದ್ದ ಎಷ್ಟೋ ಹಾಳೆಗಳಲ್ಲಿ ಮೇಲೆ "ಹೃದಯ ಸ್ತಂಭನ" ಅಂತ ಒಂದೇ ಪದ, ಕೆಳಗೆಲ್ಲ ಖಾಲಿ. ಸಾಯುವಾಗ ಹೃದಯ ನಿಲ್ಲದೆ ಇನ್ನೇನಾಗುತ್ತದೆ ಸ್ವಾಮಿ? ಅದಕ್ಕೂ ಐ46 ಅಂತ ಕೋಡ್ ಇದೆ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರಣ ಕೇಳಿ ವಾಪಸ್ ಕಳಿಸಿದರೆ, ಒಮ್ಮೆ ಅದೇ ಪದವನ್ನು ಇನ್ನೂ ದೊಡ್ಡದಾಗಿ ಬರೆದು ಕಳಿಸಿದ್ದರು.

ಇದು ಹಳೇ ಕಾಯಿಲೆ ಬಿಡಿ. 1662ರಲ್ಲೇ ಲಂಡನ್ನಿನ ಜಾನ್ ಗ್ರಾಂಟ್, ಬಟ್ಟೆ ವ್ಯಾಪಾರಿ, ಸಾವಿನ ಪಟ್ಟಿಗಳನ್ನು ಕೂತು ಲೆಕ್ಕ ಹಾಕಿದ. ಹೆಣ ನೋಡಿ ಕಾರಣ ಹೇಳುತ್ತಿದ್ದವರು ವಯಸ್ಸಾದ ಹೆಂಗಸರು. ಒಂದು ಲೋಟ ಏಲ್ ಬಿಯರ್, ಕೈಗೆ ಎರಡು ಪಟ್ಟು ಕಾಸು ಸಿಕ್ಕರೆ ಮರ್ಯಾದೆ ಕಳೆಯುವ ಗುಹ್ಯರೋಗವೂ ಬೇರೆ ಹೆಸರಲ್ಲಿ ಪಟ್ಟಿ ಸೇರುತ್ತದೆ ಅಂತ ಅವನು ಅವತ್ತೇ ಗುಮಾನಿಪಟ್ಟಿದ್ದ.

ಇನ್ನು ಹೃದ್ರೋಗ. ಎರಡೂ ನಿಜ ಇರಬಹುದು. ಜನ ಹೆಚ್ಚಾಗಿದ್ದಾರೆ, ಅದರಲ್ಲೂ ವಯಸ್ಸಾದವರು ಹೆಚ್ಚಾಗಿದ್ದಾರೆ, ಹಾಗಾಗಿ ಒಟ್ಟು ಸಾವು ಏರುತ್ತದೆ. ಆದರೆ ಅರವತ್ತರ ಒಬ್ಬ ಮನುಷ್ಯನಿಗೆ ಇರುವ ಅಪಾಯ ಮೊದಲಿಗಿಂತ ಇಳಿದಿರಬಹುದು. ಅದಕ್ಕೇ ಎಲ್ಲ ವರ್ಷಗಳಲ್ಲೂ ಜನರ ವಯಸ್ಸಿನ ಹಂಚಿಕೆ ಒಂದೇ ಇತ್ತು ಅಂತ ಇಟ್ಟುಕೊಂಡು ದರ ತೆಗೆಯುತ್ತಾರೆ. ಅಮೆರಿಕದಲ್ಲಿ ಹೀಗೆ ತೆಗೆದ ಹೃದ್ರೋಗದ ಮರಣ ದರ 1960ರ ದಶಕದ ಕೊನೆಯಿಂದ ದಶಕಗಟ್ಟಲೆ ಇಳಿದಿದೆ. ಆದರೂ ಅಲ್ಲಿ ಅತಿ ಹೆಚ್ಚು ಸಾವಿಗೆ ಕಾರಣ ಅದೇ.

ನಿಮ್ಮ ಹನ್ನೆರಡನೇ ವರ್ಷದ ವರದಿಯ ಅಡಿಟಿಪ್ಪಣಿ ಓದಿದ್ದೀರಾ?

ರಾತ್ರಿ_ಲ್ಯಾಬ್:

ಮೇಲಿನವರು ಎಲ್ಲ ಹೇಳಿದ್ದಾರೆ. ನನ್ನದು ಒಂದೇ ಮಾತು: ಗ್ರಾಫಿನ ಬಾಲವನ್ನು ನಂಬಬೇಡಿ. ಕೊನೆಯ ತಿಂಗಳುಗಳಲ್ಲಿ ರೋಗ ಇಳಿದ ಹಾಗೆ ಕಾಣುವುದು ಎಷ್ಟೋ ಸಲ ವರದಿ ಇನ್ನೂ ಬಂದಿಲ್ಲ ಅಂತ ಅಷ್ಟೇ. ದಿನದ ಲೆಕ್ಕವಾದರೆ ಇನ್ನೂ ತಮಾಷೆ, ಭಾನುವಾರ ರೋಗಗಳಿಗೂ ರಜೆ! ಅದಕ್ಕೇ ಏಳು ದಿನದ ಸರಾಸರಿ ಹಾಕೋದು.

ಪೆನ್ಸಿಲ್_ಗೆರೆ:

ಸಿಕ್ಕಿತು ಸರ್. ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ: "ಈ ವರ್ಷದಿಂದ ಖಾಸಗಿ ವೈದ್ಯರ ವರದಿಗಳೂ ಸೇರಿವೆ." ಮೂರು ತಿಂಗಳಿಂದ ಅದೇ ಪುಟ ನೋಡುತ್ತಿದ್ದೆ, ಅಂಕಿ ಮಾತ್ರ ಎತ್ತಿಕೊಂಡಿದ್ದೆ. ಹನ್ನೆರಡನೇ ವರ್ಷದಿಂದ ಈಚೆಯದ್ದನ್ನೆಲ್ಲ ತೆಗೆದುಹಾಕಲಾ?

ಹಳೆ_ಕೋಡರ್:

ಅಯ್ಯೋ, ಬೇಡ! ಆ ರೋಗಿಗಳು ಮೊದಲೂ ಇದ್ದರು, ಯಾರೂ ಬರೆದುಕೊಂಡಿರಲಿಲ್ಲ ಅಷ್ಟೇ. ಹನ್ನೆರಡನೇ ವರ್ಷಕ್ಕೆ ಮೇಲಿಂದ ಕೆಳಕ್ಕೆ ಒಂದು ಚುಕ್ಕೆ ಗೆರೆ ಎಳೆಯಿರಿ. ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ, ನಡುವೆ ಜೋಡಿಸಬೇಡಿ. ಆ ಟಿಪ್ಪಣಿಯನ್ನು ಗ್ರಾಫಿನ ಮೇಲೇ ಬರೆಯಿರಿ, ಇರುವೆಗಿಂತ ದೊಡ್ಡ ಅಕ್ಷರದಲ್ಲಿ. ತಲೆಬರಹ ಮಾತ್ರ ಬದಲಾಯಿಸಿ.