ಪ್ರಶಸ್ತಿಗೆ ಅರ್ಜಿ ಬರೆಯೋದು ಹೇಗೆ? ನಿವೃತ್ತ ಅಧಿಕಾರಿಯನ್ನು ಕೇಳಿ

ಪ್ರಶ್ನೆ (ವಿಜಯಪುರ): ನಮಸ್ಕಾರ ಸರ್. ಆಡಳಿತದಲ್ಲಿ ಒಳ್ಳೆಯ ಕೆಲಸ ಮಾಡಿದ ಜಿಲ್ಲೆಗಳಿಗೆ ಕೊಡುವ ಪ್ರಧಾನಮಂತ್ರಿ ಪ್ರಶಸ್ತಿಗೆ ಅರ್ಜಿ ತಯಾರಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಬರದ ಊರುಗಳಲ್ಲಿ ಗಿಡ ಬೆಳೆಸಿದ್ದರ ಬಗ್ಗೆ ಬರೀಬೇಕು. ಸಾಹೇಬರ ನಾಯಕತ್ವ ಎದ್ದು ಕಾಣಬೇಕಂತೆ. ಫೋಟೋ ಬೇಕಾದಷ್ಟಿವೆ. ಹೇಗೆ ಬರೆಯಲಿ? ಗೆದ್ದರೆ ಹಣ ಸಾಹೇಬರಿಗೇ ಹೋಗುತ್ತಾ?

ಉತ್ತರ: ಹಣದ ಮಾತು ಮೊದಲು ಮುಗಿಸೋಣ ತಂಗಿ. 20 ಲಕ್ಷ ರೂಪಾಯಿ ಬರುವುದು ಜಿಲ್ಲೆಗೆ, ಯಾರ ಕಿಸೆಗೂ ಅಲ್ಲ. ಅದೇ ಯೋಜನೆಗೋ, ಜನರಿಗೆ ಬೇಕಾದ ಬೇರೆ ಕೆಲಸಕ್ಕೋ ಖರ್ಚು ಮಾಡಬೇಕು. ಏಪ್ರಿಲ್ 21ರ ನಾಗರಿಕ ಸೇವಾ ದಿನದಂದು ಕೊಡುತ್ತಾರೆ. 1947ರಲ್ಲಿ ಅದೇ ದಿನ ಸರ್ದಾರ್ ಪಟೇಲರು ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ಹೊಸ ಅಧಿಕಾರಿಗಳನ್ನು ಉದ್ದೇಶಿಸಿ ಮಾತಾಡಿದ್ದರು.

ಇನ್ನು ಬರವಣಿಗೆ. 'ಇಷ್ಟು ಗಿಡ ನೆಟ್ಟೆವು' ಅಂದರೆ ಓದುವವರು ಸುಮ್ನೆ ಪುಟ ತಿರುಗಿಸುತ್ತಾರೆ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ? ಎರಡನೇ ಬೇಸಿಗೆ ದಾಟಿದ ಗಿಡ ಎಷ್ಟು, ಅದನ್ನು ಬರೆಯಿರಿ. ನೀರು ಹಾಕಿದವರು ಯಾರು, ಟ್ಯಾಂಕರ್ ಬಾಡಿಗೆ ಯಾವ ಲೆಕ್ಕದಿಂದ ಹೋಯಿತು, ದನ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿದ್ದು ಪಂಚಾಯಿತಿಯೋ ರೈತರೋ? ಒಣಗಿದ್ದನ್ನೂ ಮುಚ್ಚಿಡಬೇಡಿ. ಆಯ್ಕೆಯ ಒಂದು ಹಂತದಲ್ಲಿ ಜನರಿಗೇ ಫೋನ್ ಮಾಡಿ ಕೇಳುತ್ತಾರೆ. ಕಾಗದದ ಮೇಲಿನ ಗಿಡ ಅಲ್ಲಿ ಸಿಕ್ಕಿಬೀಳುತ್ತದೆ.

'ಸಮರ್ಥ ಮಾರ್ಗದರ್ಶನದಲ್ಲಿ' ಅನ್ನೋ ಸಾಲು ನಾನು ಓದಿದ ಎಲ್ಲ ಅರ್ಜಿಯಲ್ಲೂ ಇತ್ತು. ಅದನ್ನು ಹೊಡೆದುಹಾಕಿ, ಸಾಹೇಬರು ತೆಗೆದುಕೊಂಡ ಒಂದು ತೀರ್ಮಾನ ಹೇಳಿ. ಅರಣ್ಯ, ತೋಟಗಾರಿಕೆ, ಪಂಚಾಯಿತಿ ಮೂರೂ ಕಡೆಯವರನ್ನು ಒಟ್ಟಿಗೆ ಕೂರಿಸಿದ್ದು ಹೇಗೆ, ಯಾರು ತಕರಾರು ತೆಗೆದರು, ಅದು ಹೇಗೆ ಬಗೆಹರಿಯಿತು. ನಾಳೆ ಅವರಿಗೆ ವರ್ಗ ಆದರೆ ನೀರು ಹಾಕೋದು ನಿಲ್ಲುತ್ತಾ? ನನ್ನ ಕೇಳಿದರೆ ನಾಯಕತ್ವ ಕಾಣೋದು ಅಲ್ಲೇ. ಹಾರ, ರಿಬ್ಬನ್ ಫೋಟೋ ಜಾಸ್ತಿ ಬೇಡ. ಒಂದೇ ಜಾಗದ ಹಳೆಯದೊಂದು, ಈಗಿನದೊಂದು ಹಾಕಿ. ದಿನಾಂಕ ಮರೀಬೇಡಿ.

ಪ್ರಶ್ನೆ (ಇಂಡಿ): ಸರ್, ನಮ್ಮೂರ ಗ್ರಾಮ ಆಡಳಿತ ಅಧಿಕಾರಿ ತುಂಬಾ ಒಳ್ಳೆಯವರು. ಅವರಿಗೂ ಈ ಪ್ರಶಸ್ತಿ ಸಿಗುತ್ತಾ?

ಉತ್ತರ: ಅವರಿಗೆ ಹೊಂದುವುದು ರಾಜ್ಯ ಸರ್ಕಾರದ ಸರ್ವೋತ್ತಮ ಸೇವಾ ಪ್ರಶಸ್ತಿ. ಜಿಲ್ಲಾ ಮಟ್ಟದಲ್ಲೂ ಕೊಡುತ್ತಾರೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಊರವರು ಪತ್ರ ಕೊಡುವುದಾದರೆ 'ತುಂಬಾ ಒಳ್ಳೆಯವರು' ಸಾಲದು ನೋಡ್ರಿ. ಯಾರ ಪಹಣಿ ಎಷ್ಟು ದಿನದಲ್ಲಿ ತಿದ್ದುಪಡಿ ಆಯಿತು, ನಿಂತುಹೋದ ಯಾರ ವಿಧವಾ ವೇತನ ಮತ್ತೆ ಶುರುವಾಯಿತು, ಅಂಥದ್ದು ಬರೆದು, ಕೆಲಸ ಆದ ಆ ಜನರದ್ದೇ ಸಹಿ ಹಾಕಿಸಿ.