ಮೇಡಂ, ಮೈನಸ್ ಬಂತು: ಗಣಗಳ ಲೆಕ್ಕದ ಪ್ರಶ್ನೋತ್ತರ

ಗ್ರೂಪ್ ಅಡ್ಮಿನ್: ಇವತ್ತು ಗಣಿತದ ಮೇಡಂ ನಮ್ಮ ಜೊತೆ ಇದ್ದಾರೆ. ‘ಇಷ್ಟು ಜನ ಇದನ್ನು ಮಾಡುತ್ತಾರೆ, ಇಷ್ಟು ಜನ ಅದನ್ನು, ಇಷ್ಟು ಜನ ಎರಡನ್ನೂ’ ಅಂತ ಬರುತ್ತಲ್ಲ, ಆ ಲೆಕ್ಕಗಳ ಬಗ್ಗೆ ಕೇಳಬಹುದು. ಲೆಕ್ಕ ಪೂರ್ತಿ ಟೈಪ್ ಮಾಡಿ.

ವಿದ್ಯಾರ್ಥಿನಿ: ನಮಸ್ತೆ ಮೇಡಂ. 40 ಜನರಲ್ಲಿ 25 ಜನ ದಿನಪತ್ರಿಕೆ ಓದುತ್ತಾರೆ, 18 ಜನ ವಾರಪತ್ರಿಕೆ. 5 ಜನ ಯಾವುದನ್ನೂ ಓದಲ್ಲ. ಎರಡನ್ನೂ ಓದುವವರು ಎಷ್ಟು?

ಮೇಡಂ: ನಮಸ್ತೆ. ಮೊದಲು ಆ 5 ಜನರನ್ನು ಹೊರಗಿಡಮ್ಮ, ಉಳಿದದ್ದು 35. ಈಗ 25 + 18 = 43. ಎರಡನ್ನೂ ಓದುವವರನ್ನು ಎರಡು ಸಲ ಎಣಿಸಿದ್ದೀವಿ, ಅದಕ್ಕೇ 8 ಜಾಸ್ತಿ ಬಂತು. ಉತ್ತರ 8.

ಒಬ್ಬ ಸದಸ್ಯರು: ಇದಕ್ಕೆ ಸುಲಭದ ಟ್ರಿಕ್ ಇದೆ, ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ‘ಕೊಟ್ಟ ಗುಂಪುಗಳನ್ನೆಲ್ಲ ಕೂಡಿಸಿ, ಒಟ್ಟು ಜನರನ್ನು ಕಳೆಯಿರಿ. ಎಲ್ಲವನ್ನೂ ಮಾಡುವವರು ಸಿಗುತ್ತಾರೆ. 5 ಸೆಕೆಂಡ್ ಸಾಕು. ಮಕ್ಕಳಿಗೆ ಕಳಿಸಿ.’

ಮೇಡಂ: ದಯವಿಟ್ಟು ಕಳಿಸಬೇಡಿ. ಈಗ ಮಾಡಿದ ಲೆಕ್ಕಕ್ಕೇ ಹಾಕಿ ನೋಡಿ: 43 − 40 = 3. ತಪ್ಪು. ಗುಂಪು ಎರಡೇ ಇದ್ದು, ಹೊರಗೆ ಯಾರೂ ಇಲ್ಲದಿದ್ದರೆ ಮಾತ್ರ ಅದು ಸರಿ ಬರುತ್ತೆ. ಗುಂಪು ಮೂರಾದರೆ ಅದರಿಂದ ಬರುವ ಸಂಖ್ಯೆ ಎಲ್ಲವನ್ನೂ ಮಾಡುವವರದ್ದೇ ಆಗಿರಬೇಕಿಲ್ಲ.

ಒಬ್ಬ ತಾಯಿ: ಮೇಡಂ, ಮಗ ಹತ್ತನೇ ಕ್ಲಾಸ್. ಲೆಕ್ಕ ಹೀಗಿದೆ. 50 ಮಕ್ಕಳು. ಹಾಡು ಕಲಿಯುವವರು 30, ನೃತ್ಯ 24, ಚಿತ್ರಕಲೆ 21. ಹಾಡು ಮತ್ತು ನೃತ್ಯ 14, ನೃತ್ಯ ಮತ್ತು ಚಿತ್ರಕಲೆ 9, ಹಾಡು ಮತ್ತು ಚಿತ್ರಕಲೆ 10. ಮೂರನ್ನೂ ಕಲಿಯುವವರು 6. ನೃತ್ಯ ಮಾತ್ರ ಕಲಿಯುವವರು ಎಷ್ಟು? ಅವನು 5 ಅಂತ ಬರೆದಿದ್ದಾನೆ, ಪುಸ್ತಕದಲ್ಲಿ 7 ಇದೆ. ನೋಟ್‌ಬುಕ್ ಬೆಳಕಿಗೆ ಹಿಡಿದು ನೋಡಿದೆ. 5ರ ಹಿಂದೆ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿದೆ. ಅಲ್ಲಿ ಮೈನಸ್ ಗುರುತು ಇನ್ನೂ ಮಸುಕಾಗಿ ಕಾಣುತ್ತೆ.

ಮೇಡಂ: ನೋಡಿ ಹೇಳಿದ್ದು ಒಳ್ಳೆಯದಾಯಿತಮ್ಮ. ಲೆಕ್ಕ ತಪ್ಪಿದ್ದಕ್ಕಿಂತ ಆ ಗುರುತು ಅಳಿಸಿದ್ದೇ ನನಗೆ ಚಿಂತೆ. ಅವನಿಗೆ ದಾರಿ ತೋರಿಸೋಕೆ ಇದ್ದದ್ದು ಅದೊಂದೇ.

ಅವನು ಏನು ಮಾಡಿದ್ದಾನೆ ನೋಡಿ. 24 − 14 − 9 − 6 = −5. ಮೈನಸ್ ಐದು ಜನ ಅಂತ ಎಲ್ಲೂ ಇರಲ್ಲ, ಅಲ್ವಾ? ಅಂದರೆ ಯಾರನ್ನೋ ಬೇಕಾದ್ದಕ್ಕಿಂತ ಜಾಸ್ತಿ ಸಲ ಕಳೆದಿದ್ದಾನೆ. ಯಾರನ್ನು? ಮೂರನ್ನೂ ಕಲಿಯುವ ಆ 6 ಮಕ್ಕಳನ್ನು. ಅವರು ಹಾಡು–ನೃತ್ಯದ 14ರಲ್ಲೂ ಇದ್ದಾರೆ, ನೃತ್ಯ–ಚಿತ್ರಕಲೆಯ 9ರಲ್ಲೂ ಇದ್ದಾರೆ. ಆಮೇಲೆ ಬೇರೆಯಾಗಿ 6 ಅಂತ ಇನ್ನೊಂದು ಸಲ ಕಳೆದಿದ್ದಾನೆ. ಒಂದು ಸಲ ಕಳೆಯಬೇಕಾದವರನ್ನು ಮೂರು ಸಲ ಕಳೆದರೆ 12 ಜಾಸ್ತಿ ಹೋಯಿತು. ಆ 12 ವಾಪಸ್ ಸೇರಿಸಿ: −5 + 12 = 7. ಪುಸ್ತಕದ ಉತ್ತರ ಬಂತು.

ಅವನಿಗೆ ಒಂದರೊಳಗೊಂದು ಸ್ವಲ್ಪ ಸೇರುವ ಹಾಗೆ ಮೂರು ವೃತ್ತ ಬರೆಯೋಕೆ ಹೇಳಿ. ನಡುವಿನಿಂದ ಶುರು ಮಾಡಲಿ. ನಡುವೆ 6. ಎರಡು ವೃತ್ತ ಮಾತ್ರ ಸೇರುವ ಜಾಗವನ್ನು ಎಸಳು ಅನ್ನೋಣ. ಹಾಡು–ನೃತ್ಯದ ಎಸಳಿನಲ್ಲಿ 14 − 6 = 8. ಉಳಿದೆರಡು ಎಸಳುಗಳಲ್ಲಿ 3 ಮತ್ತು 4. ಈಗ ನೃತ್ಯದ ವೃತ್ತದೊಳಗೆ 6, 8, 3 ಕೂತಿವೆ, ಸೇರಿದರೆ 17. 24ರಲ್ಲಿ ಉಳಿದದ್ದು 7. ಹೀಗೇ ಹಾಡು ಮಾತ್ರ 12, ಚಿತ್ರಕಲೆ ಮಾತ್ರ 8. ಏಳೂ ಭಾಗ ಕೂಡಿಸಿದರೆ 48, ಹೊರಗೆ 2. ಕೂಡಿಸಿ ತಾಳೆ ನೋಡುವವರೆಗೆ ಲೆಕ್ಕ ಮುಗಿದಿಲ್ಲ.

ಅವನನ್ನು ಬೈಬೇಡಿ. ಮೈನಸ್ ಬಂದರೆ ಅದರ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ ಬಿಡಲಿ, ಅಷ್ಟೇ.

ನಿವೃತ್ತ ಎಂಜಿನಿಯರ್: ಇಷ್ಟುದ್ದ ಯಾಕೆ ಮೇಡಂ? ಸೂತ್ರ ಇದೆಯಲ್ಲ. ಮೂರು ಗುಂಪು ಕೂಡಿಸಿದರೆ 75, ಜೋಡಿಗಳನ್ನು ಕೂಡಿಸಿದರೆ 33. 75 − 33 + 6 = 48. ಒಂದೇ ಸಾಲು.

ಟ್ಯೂಷನ್ ಮೇಷ್ಟ್ರು: ಸರ್, ಪ್ರಶ್ನೆ ಕೇಳಿದ್ದು ‘ನೃತ್ಯ ಮಾತ್ರ’. ನಿಮ್ಮ ಒಂದು ಸಾಲಿನಲ್ಲಿ ಅದು ಎಲ್ಲಿದೆ?

ನಿವೃತ್ತ ಎಂಜಿನಿಯರ್: ಅದಕ್ಕೂ ಸೂತ್ರ ಇದೆ. ಮಕ್ಕಳು ಬಾಯಿಪಾಠ ಮಾಡಲಿ.

ಟ್ಯೂಷನ್ ಮೇಷ್ಟ್ರು: ಬಾಯಿಪಾಠ ಮಾಡಿದ ಮಕ್ಕಳನ್ನು ದಿನಾ ನೋಡ್ತೀನಿ. ‘ಎರಡು ಮಾತ್ರ’ ಕಲಿಯುವವರನ್ನು (8 + 3 + 4 = 15) ಕೊಟ್ಟಾಗ ಇನ್ನೊಂದು ಸೂತ್ರ ಬರುತ್ತೆ, ಅದರಲ್ಲಿ 6ರ ಎರಡರಷ್ಟು ಕಳೆಯಬೇಕು: 75 − 15 − 12 = 48. ಎರಡನ್ನೂ ಕಲಸಿ 75 − 33 − 12 = 30 ಅಂತ ಬರೆದು ಕೊಡ್ತಾರೆ. ಚಿತ್ರ ಬರೆದವರು ಹಾಗೆ ಮಾಡಲ್ಲ.

ನಿವೃತ್ತ ಎಂಜಿನಿಯರ್: ಅದು ಕಲಿಸಿದವರ ತಪ್ಪು.

ಟ್ಯೂಷನ್ ಮೇಷ್ಟ್ರು: ಒಂದು ದಿನ ಬಂದು ಕಲಿಸಿ ನೋಡಿ, ಆಮೇಲೆ ಮಾತಾಡೋಣ.

ಮೇಡಂ: ಇಬ್ಬರೂ ನಿಲ್ಲಿಸಿ. ಸೂತ್ರವೂ ಸರಿ, ಚಿತ್ರವೂ ಸರಿ. 33ರಲ್ಲಿ ಆ 6 ಜನ ಮೂರು ಸಲ ಕೂತಿದ್ದಾರೆ, 15ರಲ್ಲಿ ಅವರು ಇಲ್ಲವೇ ಇಲ್ಲ. ಇದು ತಿಳಿದ ಮೇಲೆ ಯಾವುದನ್ನು ಬೇಕಾದರೂ ಬಳಸಲಿ.

ಪರೀಕ್ಷೆಗೆ ಓದುತ್ತಿರುವವರು: ಮೇಡಂ, 60 ಜನ. ಚೆಸ್ 30, ಕೇರಂ 28, ವಾಲಿಬಾಲ್ 24. ಚೆಸ್ ಮತ್ತು ಕೇರಂ 12, ಕೇರಂ ಮತ್ತು ವಾಲಿಬಾಲ್ 10, ಚೆಸ್ ಮತ್ತು ವಾಲಿಬಾಲ್ 9, ಮೂರೂ 4. ಯಾವುದನ್ನೂ ಆಡದವರು ನನಗೆ 17 ಬಂದರು. ಎಲ್ಲೂ ಮೈನಸ್ ಬರಲಿಲ್ಲ, ಕೂಡಿಸಿದರೆ ತಾಳೆಯೂ ಆಯಿತು. ಆದರೆ ಕೀ ಉತ್ತರ 5.

ಮೇಡಂ: ಇದು ಒಳ್ಳೆಯ ಪ್ರಶ್ನೆ. ಆಗಲೇ ನಾನು ಹೇಳದೇ ಬಿಟ್ಟದ್ದು ಇದೇ: ಮೈನಸ್ ಬರದಿದ್ದರೂ ಲೆಕ್ಕ ತಪ್ಪಿರಬಹುದು. ನೀವು 12, 10, 9 ಅನ್ನು ಹಾಗೇ ಎಸಳುಗಳಲ್ಲಿ ಬರೆದಿದ್ದೀರಿ. ಚೆಸ್ ಮಾತ್ರ 5, ಕೇರಂ ಮಾತ್ರ 2, ವಾಲಿಬಾಲ್ ಮಾತ್ರ 1 ಬಂದಿರುತ್ತೆ. ಒಟ್ಟು 43, ಹೊರಗೆ 17. ‘ಚೆಸ್ ಮತ್ತು ಕೇರಂ ಮಾತ್ರ 12’ ಅಂತ ಇದ್ದಿದ್ದರೆ ನಿಮ್ಮದೇ ಸರಿ. ‘ಮಾತ್ರ’ ಇಲ್ಲ. ಹಾಗಾಗಿ ಮೂರೂ ಆಡುವ 4 ಜನ ಆ 12ರ ಒಳಗೇ ಇದ್ದಾರೆ. ಎಸಳುಗಳು 8, 6, 5. ಚೆಸ್ ಮಾತ್ರ 13, ಕೇರಂ ಮಾತ್ರ 10, ವಾಲಿಬಾಲ್ ಮಾತ್ರ 9. ಒಟ್ಟು 55, ಹೊರಗೆ 5. ಇಲ್ಲಿ ಸಂಖ್ಯೆಗಳು ನಿಮ್ಮನ್ನು ಎಚ್ಚರಿಸಲ್ಲ. ಪ್ರಶ್ನೆಯನ್ನೇ ಇನ್ನೊಂದು ಸಲ ಓದಬೇಕು.

ಇನ್ನೊಬ್ಬ ಸದಸ್ಯರು: ‘ಮಾತ್ರ’ ಬರೆಯದೇ ಇರೋದು ಪ್ರಶ್ನೆ ಬರೆದವರ ತಪ್ಪಲ್ವಾ? ಮಾತಾಡುವಾಗ ‘ಎರಡು ಆಡ್ತಾನೆ’ ಅಂದರೆ ಮೂರನೆಯದು ಆಡಲ್ಲ ಅಂತಲೇ ಅರ್ಥ.

ಮೇಡಂ: ಮಾತಿನಲ್ಲಿ ಹೌದು, ಒಪ್ಪುತ್ತೇನೆ. ಗಣಿತದಲ್ಲಿ ಇಲ್ಲ. ಪ್ರಶ್ನೆ ಬರೆಯುವವರು ಒಂದು ಪದ ಜಾಸ್ತಿ ಬರೆದರೆ ಮಕ್ಕಳಿಗೆ ಒಳ್ಳೆಯದು, ಅದೂ ನಿಜ.

ವಿದ್ಯಾರ್ಥಿನಿ: ಗುಂಪು ನಾಲ್ಕಾದರೆ ನಾಲ್ಕು ವೃತ್ತ ಬರೆದರೆ ಸಾಕಾ?

ನಿವೃತ್ತ ಎಂಜಿನಿಯರ್: ಸಾಲಲ್ಲ. ಹೊರಗಿನದೂ ಸೇರಿ 16 ಭಾಗ ಬೇಕು. ನಾಲ್ಕು ವೃತ್ತ ಹೇಗೆ ಬರೆದರೂ 14 ದಾಟಲ್ಲ. ಇಂಥ ಚಿತ್ರಗಳಿಗೆ ಯಾರ ಹೆಸರಿದೆಯೋ ಆ ಜಾನ್ ವೆನ್ 1880ರಲ್ಲೇ ನಾಲ್ಕಕ್ಕೆ ದೀರ್ಘವೃತ್ತ ಬಳಸಿದ.

ಟ್ಯೂಷನ್ ಮೇಷ್ಟ್ರು: ವೃತ್ತಗಳನ್ನು ಗಣಿತಜ್ಞ ಆಯ್ಲರ್ ಅವನಿಗಿಂತ ನೂರು ವರ್ಷ ಮುಂಚೆಯೇ ಬಳಸಿದ್ದ.

ನಿವೃತ್ತ ಎಂಜಿನಿಯರ್: ಅದನ್ನು ಯಾರು ಕೇಳಿದರು ಈಗ?

ಒಬ್ಬ ಸದಸ್ಯರು: 100 ಜನರಲ್ಲಿ 80 ಜನಕ್ಕೆ ಈಜು ಬರುತ್ತೆ, 75 ಜನಕ್ಕೆ ಸೈಕಲ್. ಕನಿಷ್ಠ ಎಷ್ಟು ಜನಕ್ಕೆ ಎರಡೂ ಬರುತ್ತೆ? ಆ ಟ್ರಿಕ್ಕಿನಲ್ಲಿ 55 ಬಂತು. ಸರಿ ಇದೆ ತಾನೆ?

ಮೇಡಂ: ಕನಿಷ್ಠ ಅಂತ ಕೇಳಿದ್ದಕ್ಕೆ 55 ಸರಿ. ಗರಿಷ್ಠ 75. ನಡುವಿನ ಯಾವುದೂ ಆಗಬಹುದು. ಟ್ರಿಕ್ ಆಗಲೇ ತಪ್ಪು ಅಂತ ತೋರಿಸಿದ್ದೀನಿ. ಮತ್ತೆ ಹಾಕಬೇಡಿ.

ಇನ್ನೊಬ್ಬ ಸದಸ್ಯರು: ಶೇಕಡಾದಲ್ಲಿ ಕೊಟ್ಟರೆ ಹೇಗೆ ಮೇಡಂ?

ಹೊಸ ಸದಸ್ಯರು: ಮೂರು ಗುಂಪಿನ ಲೆಕ್ಕಕ್ಕೆ ಶಾರ್ಟ್‌ಕಟ್ ಇದ್ದರೆ ಕಳಿಸಿ.

ಮೇಡಂ: ಮೇಲೆ ಓದಿ.

ಹೊಸ ಸದಸ್ಯರು: ಓದೋಕೆ ಟೈಮ್ ಇಲ್ಲ ಅಂತಲೇ ಕೇಳಿದ್ದು.

ಟ್ಯೂಷನ್ ಮೇಷ್ಟ್ರು: ಅವರು ಟೈಮ್ ಕೊಟ್ಟು ಬರೀತಿಲ್ವಾ?

ಒಬ್ಬ ತಾಯಿ: ಮೇಡಂ, ಮಗ ಚಿತ್ರ ಬರೆದ, 7 ಬಂತು. ಅಮ್ಮ, ಚಿತ್ರಕಲೆಗೂ ಹಳೇ ರೀತಿ ಮಾಡಿ ನೋಡ್ತೀನಿ ಅಂದ. −4 ಬಂತಂತೆ. ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ +12 ಅಂತ ಬರೆದಿದ್ದಾನೆ.

ಮೇಡಂ: 8. ಸರಿಯಾಗಿದೆ. ಆ ಪುಟದ ಫೋಟೋ ಕಳಿಸಮ್ಮ.