ಡಿಗ್ರಿ ಮುಗಿಯಿತು, ಹೊರದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಗುತ್ತಾ?

ಸೋಮವಾರಪೇಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಬಿಎ ಮುಗಿಸಿದೆ, ಇಂಗ್ಲಿಷ್ ಮೇಜರ್. ಬಿ.ಎಡ್ ಮಾಡಿಲ್ಲ. ಪಕ್ಕದ ತೋಟದ ಲೈನ್‌ಮನೆ ಮಕ್ಕಳಿಗೆ ಎರಡು ವರ್ಷದಿಂದ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಆ ಒಂದು ಗಂಟೆ ನನಗೆ ದಿನದಲ್ಲೇ ತುಂಬ ಇಷ್ಟದ ಹೊತ್ತು, ಇದನ್ನೇ ಕೆಲಸ ಮಾಡಿಕೊಳ್ಳಬೇಕು ಅಂತ ಆಸೆ. ವಿಯೆಟ್ನಾಂ ಅಥವಾ ಥಾಯ್ಲೆಂಡ್‌ಗೆ ಹೋಗೋಣ ಅಂದುಕೊಂಡಿದ್ದೇನೆ. ಆದರೆ ಎಲ್ಲ ಜಾಹೀರಾತಿನಲ್ಲೂ 'ನೇಟಿವ್ ಸ್ಪೀಕರ್ ಮಾತ್ರ', ಅಂದರೆ ಇಂಗ್ಲಿಷ್ ಮಾತೃಭಾಷೆ ಆದವರು ಮಾತ್ರ, ಅಂತ ಇರುತ್ತದೆ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ, 1.8 ಲಕ್ಷ ಕೇಳುತ್ತಿದ್ದಾನೆ, ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಇಳಿದ ಮೇಲೆ ಪರ್ಮಿಟ್ ಮಾಡಿಸಿಕೊಡುತ್ತೇವೆ ಅನ್ನುತ್ತಾನೆ. ಅಪ್ಪ ಈ ಸಲದ ಕಾಳುಮೆಣಸಿನ ದುಡ್ಡು ಕೊಡಲು ರೆಡಿ ಇದ್ದಾರೆ. ನನಗೇ ಧೈರ್ಯ ಬರುತ್ತಿಲ್ಲ. ಯಾರಾದರೂ ಹೋಗಿಬಂದವರು ಹೇಳಿ.

ಗೋಣಿಕೊಪ್ಪದವನು, ಈಗ ಹನೋಯ್:
ತಂಗಿ, ಮೊದಲು ಆ ದುಡ್ಡು ಕೊಡಬೇಡ. ಉಳಿದದ್ದು ಆಮೇಲೆ.

ನೇಟಿವ್ ಸ್ಪೀಕರ್ ವಿಷಯ ಒಂದೊಂದು ದೇಶದಲ್ಲಿ ಒಂದೊಂದು ಥರ. ಕೊರಿಯಾದ ಇಂಗ್ಲಿಷ್ ಟೀಚರ್ ವೀಸಾ ಮುಖ್ಯವಾಗಿ ಏಳು ದೇಶದವರಿಗೆ, ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ, ಅದರಲ್ಲಿ ನಾವಿಲ್ಲ. ಜಪಾನ್ ಬೇರೆ ಲೆಕ್ಕ. ಡಿಗ್ರಿ ಜೊತೆಗೆ 12 ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿರಬೇಕು ಅನ್ನುತ್ತಾರೆ. ನಮ್ಮ ಕೊಡಗಿನಲ್ಲಿ ಒಂದನೇ ಕ್ಲಾಸಿನಿಂದ ಹಾಗೆ ಓದಿದವರು ಬೇಕಾದಷ್ಟು ಜನ ಇದ್ದಾರೆ, ನೀನೂ ಹಾಗಾದರೆ ಶಾಲೆಯಿಂದ ಪತ್ರ ತೆಗೆದಿಟ್ಟುಕೋ. ಥಾಯ್ಲೆಂಡ್‌ನಲ್ಲಿ ನಮ್ಮಂಥವರಿಗೆ ಸಾಮಾನ್ಯವಾಗಿ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಕೇಳುತ್ತಾರೆ, ವೀಸಾ ಕೆಲಸಕ್ಕೆ ಹೋಗುವವರಿಗೆ ಕೊಡುವ ನಾನ್ ಇಮಿಗ್ರೆಂಟ್ ಬಿ ಆಗಿರಬೇಕು. ವಿಯೆಟ್ನಾಂನಲ್ಲಿ ಡಿಗ್ರಿ, ಟೀಚಿಂಗ್ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್ ಬೇಕು. ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವುದು ಕೆಲಸ ಕೊಡುವ ಶಾಲೆ, ಏಜೆಂಟ್ ಅಲ್ಲ.

ಡಿಗ್ರಿ ಸರ್ಟಿಫಿಕೇಟ್‌ಗೆ ಅಟೆಸ್ಟೇಷನ್, ಅಂದರೆ ಅದು ಅಸಲಿ ಅಂತ ಸರ್ಕಾರದ ಮುದ್ರೆ, ಊರಲ್ಲೇ ಮುಗಿಸಿಕೊಂಡು ಬಾ. ನಾನು ಅದನ್ನು ಬಿಟ್ಟು ಬಂದೆ, ಆಮೇಲೆ ಒರಿಜಿನಲ್ ಕೊರಿಯರ್‌ನಲ್ಲಿ ವಾಪಸ್ ಕಳಿಸಿ, ಅಮ್ಮ ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಎರಡು ಸಲ ಓಡಾಡಿ, ಮೂರು ತಿಂಗಳು ಸಂಬಳ ಇಲ್ಲದೆ ಕೂತೆ. ಅಮ್ಮನಿಗೆ ಕೊಟ್ಟ ಆ ತೊಂದರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಇನ್ನು ನೇಟಿವ್ ಅಲ್ಲ ಅಂತ ಕುಗ್ಗಬೇಡ. ಡೆಮೊ ಕ್ಲಾಸ್ ಅಂತ ಇಡುತ್ತಾರೆ, ನನಗೆ 20 ನಿಮಿಷ ಕೊಟ್ಟಿದ್ದರು. ಇಲ್ಲಿನ ಮಕ್ಕಳು ಇಂಗ್ಲಿಷ್ ಪದದ ಕೊನೆಯ ಅಕ್ಷರ ನುಂಗುತ್ತಾರೆ, 'ಹೌಸ್' ಅನ್ನುವುದು 'ಹೌ' ಆಗುತ್ತದೆ. ನಾವು ತಿರುಗಾಮುರುಗಾ, ಬಸ್ಸು, ಕಾರು ಅಂತ ಬಾಲ ಸೇರಿಸುತ್ತೇವೆ. ನನ್ನ ಬಾಲ ಬಿಡಿಸಲು ಪ್ರೈಮರಿ ಮೇಡಂ ಎಷ್ಟು ಕಷ್ಟಪಟ್ಟಿದ್ದರು ಅನ್ನುವುದು ನೆನಪಾಯಿತು. ಬೆರಳನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದೆ, ಬೆರಳು ನಿಲ್ಲುವ ತನಕ 'ಸ್‌ಸ್‌ಸ್' ಬಿಡಬಾರದು ಅಂದೆ. ಐದು ನಿಮಿಷದಲ್ಲಿ ಇಡೀ ಕ್ಲಾಸ್ ಹೇಳಿತು. ಮಾರನೇ ದಿನ ಕೆಲಸ ಕೊಟ್ಟರು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಅಂತ ಬೆಳೆದವರು ನಾವು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನಮಗೆ ಗೊತ್ತಾಗುತ್ತದೆ ಅಲ್ವಾ?

ಸಂಬಳ ಮಾತ್ರ ಬಿಳಿಯರಿಗಿಂತ ಕಡಿಮೆ ಹೇಳುವ ಶಾಲೆಗಳು ಇವೆ. ಅದು ತಪ್ಪು, ಆದರೆ ಇದೆ. ಗೊತ್ತಿದ್ದು ಬಾ.

ವಿರಾಜಪೇಟೆ ಅಕ್ಕ:
ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಎತ್ತುವುದಿಲ್ಲ. ಥಾಯ್ಲೆಂಡ್ ಕೆಲಸ ಅಂತ ಕರೆದು ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ವಂಚನೆ ಕೆಲಸಕ್ಕೆ ಕೂಡಿಹಾಕುತ್ತಾರೆ ಅಂತ 2022ರಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು. ನನ್ನ ಚಿಕ್ಕಮ್ಮನ ಮಗನಿಗೂ ಅಂಥದ್ದೇ ಕರೆ ಬಂದಿತ್ತು, ಟಿಕೆಟ್ ತನಕ ಹೋಗಿತ್ತು. ಮನೆಯವರೆಲ್ಲ ಸೇರಿ ತಡೆದೆವು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆದ ಏಜೆಂಟರ ಪಟ್ಟಿ ಇದೆ, ಇವನ ಹೆಸರು ಹುಡುಕು. ನೋಂದಣಿ ಇದ್ದರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. 1.8 ಲಕ್ಷ ಯಾವ ಲೆಕ್ಕ ಅಂತ ಅವನನ್ನೇ ಕೇಳು.

ನಿವೃತ್ತ ಮೇಷ್ಟ್ರು, ಮಡಿಕೇರಿ:
ಮಗಳೇ, ನಾನು ಮಾಲ್ದೀವ್ಸ್‌ನಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದವನು. ಅಲ್ಲಿ ಭಾರತದ ಟೀಚರ್‌ಗಳು ಹಿಂದಿನಿಂದಲೂ ಇದ್ದಾರೆ, ನೇಟಿವ್ ಮಾತು ಯಾರೂ ಎತ್ತಲಿಲ್ಲ. ನಾನು ಹೋಗಿದ್ದು ಬಿ.ಎಡ್ ಬಲದ ಮೇಲೆ. ಗಲ್ಫ್ ಶಾಲೆಗಳೂ ಅದನ್ನೇ ಮೊದಲು ಕೇಳುತ್ತವೆ. ಬಿ.ಎಡ್‌ಗೆ ಎರಡು ವರ್ಷ ಬೇಕು ಅಂತ ಬೇಸರ ಪಡಬೇಡ.

ಮೊದಲ ದಿನ ಇನ್ನೂ ನೆನಪಿದೆ. ಸಣ್ಣ ದ್ವೀಪ, ಕಿಟಕಿಯಿಂದಲೇ ಸಮುದ್ರ ಕಾಣುತ್ತಿತ್ತು. ಒಬ್ಬ ಪುಟ್ಟ ಹುಡುಗ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದ. ತಪ್ಪು ಅಂತ ತಿರುಗಿಸಿ ಕೊಟ್ಟೆ, ಮತ್ತೆ ಹಾಗೇ ತೆರೆದ. ಅವರ ಧಿವೇಹಿ ಬರವಣಿಗೆ ಬಲದಿಂದ ಎಡಕ್ಕೆ ಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ಪುಟದ ಎಡ ಅಂಚಿಗೆ ಒಂದು ಕೆಂಪು ಚುಕ್ಕೆ ಇಟ್ಟು ಕೊಡುತ್ತಿದ್ದೆ, ಇಲ್ಲಿಂದ ಶುರು ಅಂತ.

ಬಿ.ಎಡ್ ಬೇಡ ಅಂದರೆ ಸೆಲ್ಟಾ ಮಾಡು, ಇಂಗ್ಲಿಷ್ ಕಲಿಸುವವರಿಗೆ ಇರುವ ಸರ್ಟಿಫಿಕೇಟ್ ಕೋರ್ಸ್ ಅದು. ಪೂರ್ತಿ ಹೊತ್ತು ಕೂತರೆ ನಾಲ್ಕು ವಾರ, ನಿಜವಾದ ವಿದ್ಯಾರ್ಥಿಗಳ ಎದುರು ಆರು ಗಂಟೆ ಪಾಠ ಮಾಡಿಸಿ ನೋಡುತ್ತಾರೆ. ಸುಮ್ನೆ ವಿಡಿಯೊ ನೋಡಿ ಮುಗಿಸುವ ಅಗ್ಗದ ಕೋರ್ಸ್‌ಗಳಿಗೆ ಆ ಬೆಲೆ ಇಲ್ಲ. ಅಲ್ಲಿಯವರೆಗೆ ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋಗಿ ಕೇಳು. ಟಿಬೆಟನ್ ಕ್ಯಾಂಪ್‌ನ ಮಕ್ಕಳಿಗೆ, ಸಣ್ಣ ಸನ್ಯಾಸಿಗಳಿಗೆ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಬಹುದು. ಕನ್ನಡ ಬಾರದ ಮಕ್ಕಳಿಗೆ ಇಂಗ್ಲಿಷ್‌ನಲ್ಲೇ ಇಂಗ್ಲಿಷ್ ಕಲಿಸುವ ಅಭ್ಯಾಸ ನಿನಗೆ ಅಲ್ಲೇ ಆಗುತ್ತದೆ. ಅನುಭವದ ಪತ್ರವನ್ನೂ ಬರೆಸಿಕೋ.

ಸೋಮವಾರಪೇಟೆ ಹುಡುಗಿ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಆ ಪಟ್ಟಿಯಲ್ಲಿ ಏಜೆಂಟ್ ಹೆಸರು ಇಲ್ಲ. ಅಪ್ಪನಿಗೆ ತೋರಿಸಿದೆ, ಅವರೇ ಫೋನ್ ಮಾಡಿ ಬೇಡ ಅಂದರು. ಸೋಮವಾರ ಬೈಲಕುಪ್ಪೆಗೆ ಹೋಗುತ್ತಿದ್ದೇನೆ. ಹನೋಯ್ ಅಣ್ಣ, ನನ್ನ ಹತ್ತಿರ ಈಗ ಪ್ರೊವಿಷನಲ್ ಸರ್ಟಿಫಿಕೇಟ್ ಮಾತ್ರ ಇದೆ. ಅದನ್ನೇ ಅಟೆಸ್ಟ್ ಮಾಡಿಸಬಹುದಾ?

ಗೋಣಿಕೊಪ್ಪದವನು, ಈಗ ಹನೋಯ್:
ಬೇಡ ತಂಗಿ, ಕಾನ್ವೊಕೇಷನ್ ಸರ್ಟಿಫಿಕೇಟ್ ಬರುವ ತನಕ ಕಾಯಿ. ಅಷ್ಟರಲ್ಲಿ ಪಾಸ್‌ಪೋರ್ಟ್ ಮಾಡಿಸಿಕೋ. ಅದರಲ್ಲಿರುವ ಹೆಸರು, ಇನಿಶಿಯಲ್ ಎಲ್ಲ ಮಾರ್ಕ್ಸ್‌ಕಾರ್ಡ್‌ನಲ್ಲಿ ಇರುವ ಹಾಗೇ ಇರಲಿ.